ಒಣಗಿದ ಗರಿಕೆ ಸತ್ತಿಲ್ಲ ಕಣ್ರವ್ವ

ಈಗ ನಮ್ಮ ಕಡೆ ಯಾರೇ ಹೊಸ ಮನೆ ಕಟ್ಟಲಿ, ಮುಂದ್ಗಡೆ ವಸಿ ಜಾಗ ಬುಟ್ಟು ಹುಲ್ಲು ಹಾಕಿಸ್ತರೆ. ಲಾನ್ ಅಂತರೆ ಅದಕ್ಕೆ. ಹಾಕಿಸೋದು ತಪ್ಪು ಅಂತ ಹೇಳಕ್ಕೆ ನಾನು ಕೂತಿಲ್ಲ. ಯಾವ ಹುಲ್ಲು ಹಾಕಿಸ್ತೀರ, ಎಷ್ಟು ಜಾಗಕ್ಕೆ ಹಾಕಿಸ್ತೀರ, ಅದಕ್ಕೆ ಯಾರ ಪಾಲಿನ ನೀರು ಉಯ್ತೀರ, ಈ ಮೂರು ಮಾತು ಕೇಳಕ್ಕೆ ಬಂದಿವ್ನಿ.

ನಾನು ಓದಿರೋದು ಪಿಯುಸಿ. ತೋಟಗಾರಿಕೆ ಕಾಲೇಜಿನ ಮುಖ ಕಂಡೋಳಲ್ಲ. ಆದ್ರೆ ನಾಲ್ಕು ತಾಲ್ಲೂಕಿನ ಮಣ್ಣು ತುಳಿದಿವ್ನಿ. ಹುಟ್ಟಿದ್ದು ನಾಗಮಂಗಲದ ಕಡೆ ಹಳ್ಳೀಲಿ. ನನ್ನ ಕೊಟ್ಟಿದ್ದು ಪಾಂಡವಪುರದ ಕಡೆಗೆ. ಮಗಳನ್ನ ಕೊಟ್ಟಿರೋದು ಕೆ.ಆರ್.ಪೇಟೆಗೆ. ಮಗ ಮನೆ ಕಟ್ಟಿರೋದು ಶ್ರೀರಂಗಪಟ್ಟಣದ ಹತ್ರ ಒಂದು ಹೊಸ ಬಡಾವಣೇಲಿ. ಒಂದೇ ಜಿಲ್ಲೆ, ಆದ್ರೆ ನೀರಿನ ಲೆಕ್ಕ ನಾಲ್ಕು ಥರ. ಪಾಂಡವಪುರದ ಗದ್ದೆ ಬಯಲಿಗೆ ವಿಶ್ವೇಶ್ವರಯ್ಯ ನಾಲೆ, ಕೆ.ಆರ್.ಪೇಟೆಗೆ ಹೇಮಾವತಿ ನಾಲೆ, ಶ್ರೀರಂಗಪಟ್ಟಣಕ್ಕಂತೂ ಸುತ್ತ ಕಾವೇರಿನೇ. ನನ್ನ ತೌರೂರಲ್ಲಿ ಮಾತ್ರ ಮಳೆ ಬಂದ್ರೆ ರಾಗಿ, ಇಲ್ದಿದ್ರೆ ಆಕಾಶ ನೋಡು. ಅಲ್ಲಿ ನೀರನ್ನ ನಾವು ಎಣಿಸಿ ಇಡ್ತಿದ್ದೋ. ಕೊಡ ತಲೆ ಮೇಲೆ ಹೊತ್ತು ಬೆಳೆದೋಳಿಗೆ ಪೈಪಿನಿಂದ ನೀರು ಸುಮ್ನೆ ಹರೀತಿದ್ರೆ ಮೈ ಜುಮ್ ಅಂತದೆ. ಅದು ನನ್ನ ಚಾಳಿ, ಮೊದಲೇ ಹೇಳಿಬುಡ್ತೀನಿ.

ಹುಲ್ಲಿನ ಆಸೆ ನಮ್ಮ ಜನಕ್ಕೆ ಎಲ್ಲಿಂದ ಬಂತು ಅಂತ ಯೋಚ್ನೆ ಮಾಡಿದ್ರೆ ನಂಗೆ ಹೊಳೆಯೋದು ಕನ್ನಂಬಾಡಿ. ಸ್ಕೂಲಿಂದ ಬೃಂದಾವನಕ್ಕೆ ಕರ್ಕೊಂಡು ಹೋಗಿದ್ದಾಗ ಆ ಹಸಿರು ಹಾಸು ನೋಡಿ ಬಾಯಿ ಬುಟ್ಕೊಂಡು ನಿಂತಿದ್ದೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ತೋಟ ಅದು. ರೂಪಿಸಿದೋರು ಜರ್ಮನಿಯಿಂದ ಬಂದಿದ್ದ ಕೃಂಬಿಗಲ್. ಶ್ರೀರಂಗಪಟ್ಟಣದಲ್ಲೇ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅದೆ, ಅದರ ಸುತ್ತಲೂ ಹುಲ್ಲು ಹಾಸು. ನೋಡಕ್ಕೆ ಎರಡೂ ಚೆಂದ. ಆದ್ರೆ ಒಂದು ಮಾತು. ಬೃಂದಾವನ ಇರೋದು ಕಟ್ಟೆ ಬುಡದಲ್ಲಿ. ಅರಮನೆ ತೋಟ ನೋಡಕ್ಕೆ ಸರ್ಕಾರದ ಆಳು ಅವ್ರೆ. ನಿಮ್ಮ ಮನೆ ಮುಂದೆ ಕಟ್ಟೆ ಅದ್ಯಾ? ಆಳು ಅವ್ರಾ? ಇರೋದು ಒಂದು ಬೋರು, ಒಂದು ಸಿಂಟೆಕ್ಸು, ಬೆಳಗಾದ್ರೆ ಸೊಂಟ ಹಿಡ್ಕೊಳ್ಳೋ ನಾನು.

ಮಗನ ಮನೆ ಕತೆ ಹೇಳ್ತೀನಿ. 2022ರಲ್ಲಿ ಗೃಹಪ್ರವೇಶ ಆಯ್ತು. ಮುಂದೆ 20ಕ್ಕೆ 30 ಅಡಿ ಜಾಗ. ನಿವೇಶನ ತಗಂಡಾಗಿಂದ್ಲೂ ಅಲ್ಲಿ ತಾನಾಗೇ ಗರಿಕೆ ಹಬ್ಬಿತ್ತು. ನಾನು "ಇದನ್ನೇ ವಸಿ ಸರಿ ಮಾಡ್ಕೊಳ್ಳಿ" ಅಂದೆ. ಯಾರು ಕೇಳ್ತರೆ? ಲಾನ್ ಹಾಕೋನು ಬಂದ. "ಅಮ್ಮ, ಇದು ಕಳೆ" ಅಂದ. ಔಷಧಿ ಹೊಡೆದ, ವಾರದಲ್ಲಿ ಗರಿಕೆ ಎಲ್ಲ ಹಳದಿ ತಿರುಗ್ತು. ಆಮೇಲೆ ಕೆಮ್ಮಣ್ಣು ಹಾಸಿ, ಚಾಪೆ ಥರ ಚೌಕ ಚೌಕ ಕತ್ತರಿಸಿದ ಕಾರ್ಪೆಟ್ ಹುಲ್ಲು ತಂದು ಒಂದರ ಪಕ್ಕ ಒಂದು ಜೋಡಿಸಿ ಹೋದ. ಸುಳ್ಳು ಯಾಕೆ ಹೇಳಲಿ, ನೋಡಿ ನಂಗೂ ಸಂತೋಷ ಆಯ್ತು. ಹಸಿರು ಜಮಖಾನ ಹಾಸಿದಂಗಿತ್ತು. ಮೊಮ್ಮಗ ಅದರ ಮೇಲೆ ಉಳ್ಳಾಡಿದ್ದೇ ಉಳ್ಳಾಡಿದ್ದು.

ಹಬ್ಬದ ದಿನ ನಮ್ಮತ್ತೆಮ್ಮ ಗಣಪತಿಗೆ ಗರಿಕೆ ತತ್ತೀನಿ ಅಂತ ಬುಟ್ಟಿ ಹಿಡ್ಕೊಂಡು ಹೊರಗೆ ಹೋದೋರು ಬರಿಗೈಲಿ ಬಂದ್ರು. "ಇಷ್ಟುದ್ದ ಹುಲ್ಲು ಹಾಕೊಂಡು ಕುಂತವ್ರೆ, ಇಪ್ಪತ್ತೊಂದು ಗರಿಕೆ ಇಲ್ವಲ್ಲೇ!" ಅಂದ್ರು. ಎಲ್ರೂ ನಕ್ರು. ಮಗ ಸ್ಕೂಟರ್ ತಗಂಡು ಹೋಗಿ ಮಾರ್ಕೆಟ್ಟಿಂದ ಗರಿಕೆ ಕಟ್ಟು ತಂದ. ಮನೆ ಬಾಗ್ಲಲ್ಲಿ ಕಾಸಿಲ್ದೆ ಬೆಳೀತಿದ್ದುದನ್ನ ಕಾಸು ಕೊಟ್ಟು ಕೊಂದು, ಆಮೇಲೆ ಕಾಸು ಕೊಟ್ಟು ಕೊಂಡ್ಕೊಂಡು ಬಂದ್ವಿ.

ಈಗ ನೀರಿನ ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಲ್ಲಿಸಿದ್ರೆ ಒಂದು ಲೀಟರ್. ಬೇಸಿಗೇಲಿ ಹುಲ್ಲಿನ ಹಾಸು ಹಸಿರಾಗೇ ಇರಬೇಕು ಅಂದ್ರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ಬೇಕು. 600 ಚದರ ಅಡಿ ಅಂದ್ರೆ 56 ಚದರ ಮೀಟರ್. ಅಲ್ಲಿಗೆ ದಿನಕ್ಕೆ 280 ಲೀಟರ್ ಆಯ್ತು. 15 ಲೀಟರ್ ಹಿಡಿಯೋ ಬಿಂದಿಗೇಲಿ 18 ಬಿಂದಿಗೆಗೂ ಮೇಲೆ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಗೊತ್ತು ಮಾಡಿರೋದು 55 ಲೀಟರ್. ಅಂದ್ರೆ ನಮ್ಮ ಮಗನ ಮನೆ ಮುಂದಿನ ಹುಲ್ಲು ಐದು ಜನದ ನೀರು ಕುಡೀತಿತ್ತು. ಮನೇಲಿ ಇರೋ ಜನವೂ ಐದೇ. ಇನ್ನೊಂದು ಸಂಸಾರ ಸಾಕಿದಂಗೆ.

2023ರಲ್ಲಿ ಮಳೆ ಕೈ ಕೊಡ್ತು. ಕಾವೇರಿ ಗಲಾಟೆ ಎದ್ದಿತು. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯ್ತಲ್ಲ, ಮಗನೂ ಹೋಗಿ ರಸ್ತೇಲಿ ಕೂತು ಬಂದ. ಕೂಗಿ ಕೂಗಿ ಗಂಟ್ಲು ಕಟ್ಕೊಂಡಿತ್ತು. ಸಾಯಂಕಾಲ ಬಂದೋನೇ ಕೈಕಾಲು ತೊಳ್ಕೊಂಡು ಲಾನಿಗೆ ಪೈಪು ಬುಟ್ಟ. ನಾನು ಏನೂ ಅನ್ನಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟೆ, ಬಾಯಿ ಮುಕ್ಕಳಿಸ್ಕೊಂಡ. ಅವತ್ತೇ ಅನ್ನಬೇಕಿತ್ತು.

ಅನ್ನಬೇಕಾಗಿ ಬಂದಿದ್ದು 2024ರ ಬೇಸಿಗೇಲಿ. ಬೋರು ವಸಿ ವಸಿ ನೀರು ಕೆಮ್ಮಕ್ಕೆ ಶುರು ಮಾಡ್ತು. ಆ ಮಾರ್ಚಲ್ಲೇ ಬೆಂಗಳೂರು ಜಲಮಂಡಳಿಯೋರು ಕುಡಿಯೋ ನೀರನ್ನ ಕೈತೋಟಕ್ಕೆ, ಗಾಡಿ ತೊಳೆಯಕ್ಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಹೇಳಿದ್ದು. ಟಿವೀಲಿ ನೋಡಿ "ಬೆಂಗಳೂರೋರ ಪಾಡು ನೋಡು" ಅಂತ ನಾವು ಲೊಚಗುಟ್ಟಿದ್ವಿ. ನಮ್ಮ ಮನೆ ಮುಂದೆ ಪೈಪು ಓಡ್ತಾನೇ ಇತ್ತು. ಹಿಂದ್ಗಡೆ ಇದ್ದ ಎರಡು ತೆಂಗಿನ ಮರಕ್ಕೆ ನೀರು ನಿಂತು ಹರಳು ಉದುರ್ತಿದ್ವು, ಮುಂದಿನ ಹುಲ್ಲು ಮಾತ್ರ ಹಸಿರು.

ಒಂದು ದಿನ ಬೆಳಗ್ಗೆ ಗೇಟಿನ ಹೊರಗೆ ಹಿಂದಿನ ಬೀದಿಯ ಒಬ್ಬ ಹೆಣ್ಮಗಳು ಎರಡು ಕೊಡ ಹಿಡ್ಕೊಂಡು ನಿಂತಿದ್ಲು. ಒಂದು ಹಸು ಸಾಕೊಂಡು ಡೈರಿಗೆ ಹಾಲು ಹಾಕಿ ಬದುಕೋಳು. "ಅಕ್ಕ, ನಲ್ಲಿ ಬಂದಿಲ್ಲ ಮೂರು ದಿನ ಆಯ್ತು. ಹಸೀಗೆ ಕುಡ್ಸಕ್ಕೆ ಎರಡು ಕೊಡ ಬುಡ್ತೀರಾ?" ಅಂದ್ಲು. ನಮ್ಮ ಸೊಸೆ ಕೆಟ್ಟೋಳಲ್ಲ. ಆದ್ರೆ ಬೋರು ನಿಂತೋಯ್ತದೆ ಅನ್ನೋ ಗಾಬರಿಗೆ "ನಮಗೇ ಸಾಲ್ದು ಕಣಕ್ಕ" ಅಂದುಬುಟ್ಲು. ಆ ಹೆಣ್ಮಗಳು ಏನೂ ಅನ್ನಲಿಲ್ಲ. ಹುಲ್ಲಿನ ಮೇಲೆ ತಿರುಗ್ತಿದ್ದ ಸ್ಪ್ರಿಂಕ್ಲರನ್ನ ಒಂದು ಸಲ ನೋಡಿದ್ಲು, ಹೊರಟೋದ್ಲು.

ನಂಗೆ ಆ ನೋಟ ಇವತ್ತಿಗೂ ಮರ್ತಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಹಸೀಗೆ ಇಲ್ಲದ ನೀರು ಹುಲ್ಲಿಗೆ ಇತ್ತು, ಆ ಹುಲ್ಲು ಹಸೂಗೂ ಇಲ್ಲ. ನಮ್ಮಣ್ಣ ನಾಗಮಂಗಲದಿಂದ ಬಂದಾಗ ಇದನ್ನೇ ಕೇಳಿದ್ದ. "ಹುಲ್ಲಿಗೆ ನೀರು ಬುಟ್ಟು ಬೆಳೆಸ್ತೀರ, ಬೆಳೆದ ಮೇಕೆ ಮಿಷನ್ನಲ್ಲಿ ಕುಯ್ದು ತಿಪ್ಪೆಗೆ ಎಸೀತೀರ. ಮಧ್ಯದಲ್ಲಿ ಒಂದು ದನ ಬ್ಯಾಡ್ವೇನವ್ವ?" ಅಂತ. ನಾವು ತಮಾಷೆ ಅನ್ಕೊಂಡಿದ್ದೋ.

ಅವತ್ತು ಮಧ್ಯಾನ ನಾನೇ ಹಿಂದಿನ ಬೀದಿಗೆ ಎರಡು ಕೊಡ ತಗಂಡು ಹೋಗಿ ಕೊಟ್ಟು ಬಂದೆ. ರಾತ್ರಿ ಮಗನಿಗೆ ಅಂದೆ, "ಕಾವೇರಿ ನಮ್ದು ಅಂತ ರಸ್ತೇಲಿ ಕೂಗಿ ಬಂದೋನು ನೀನು. ಮನೆ ಗೇಟಲ್ಲಿ ಕೊಡ ಹಿಡ್ದು ನಿಂತೋಳಿಗೆ ಇಲ್ಲ ಅಂದ್ವಲ್ಲಪ್ಪ." ಅವನಿಗೆ ಕೋಪ ಬಂತು. "ಎರಡು ವರ್ಷದಿಂದ ಕಷ್ಟಪಟ್ಟು ಬೆಳೆಸಿವ್ನಿ ಅವ್ವ, ನೀರು ನಿಲ್ಲಿಸಿದ್ರೆ ಸತ್ತೋಯ್ತದೆ, ನೋಡೋರು ಏನಂತರೆ" ಅಂದ. ನಾಲ್ಕು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದ್ರೆ ಪೈಪು ಸುತ್ತಿ ಮೇಲಿಟ್ಟ. ಸಾಯಲಿ ಅಂತ ಬುಟ್ಟ. ಸತ್ತಿತು. ಏಪ್ರಿಲ್ ಕೊನೆ ಹೊತ್ತಿಗೆ ಆ ಕಾರ್ಪೆಟ್ ಹುಲ್ಲು ಹಳೇ ತೆಂಗಿನ ನಾರಿನಂಗಾಯ್ತು.

ಜೂನಲ್ಲಿ ಎರಡು ಹದ ಮಳೆ ಬಿತ್ತು. ಒಂದಿನ ಅತ್ತೆಮ್ಮ ಮೆಟ್ಲ ಮೇಲೆ ಕುಂತೋರು "ಬಾ ಇಲ್ಲಿ, ನೋಡು ಬಾ" ಅಂತ ಕರೆದ್ರು. ಸತ್ತ ಹುಲ್ಲಿನ ಸಂದೀಲಿ ಸೂಜಿ ಮೊನೆಯಂಗೆ ಹಸಿರು. ಗರಿಕೆ! ಔಷಧಿ ಹೊಡೆದು ಎರಡು ವರ್ಷ ಆಗಿತ್ತು. ಮಣ್ಣೊಳಗೆ ಗೆಣ್ಣು ಇಟ್ಕೊಂಡು ಕಾಯ್ತಿತ್ತು. ಜುಲೈ ಕೊನೇಲಿ ಕನ್ನಂಬಾಡಿ ತುಂಬಿತು, ಸೆಪ್ಟೆಂಬರಲ್ಲಿ ಗಣೇಶನ ಹಬ್ಬ ಬರೋ ಹೊತ್ತಿಗೆ ಅರ್ಧ ಅಂಗಳ ಗರಿಕೆ ಆಗಿತ್ತು. ಔಷಧಿ ಬಿದ್ದಿದ್ದ ನೆಲ ಅಂತ ಆ ವರ್ಷ ದೇವರಿಗೆ ನಾವು ಕೀಳಲಿಲ್ಲ, ಅದು ಬೇರೆ ಮಾತು.

ನಾನು ಹೇಳೋದು ಇದು. ನಮ್ಮ ಮಣ್ಣಿಗೆ ಲಾನ್ ಅಂದ್ರೆ ಗರಿಕೆ. ಊರ ಹುಲ್ಲು ಅಂತ ಮೂಗು ಮುರೀಬೇಡಿ. ಗಾಲ್ಫ್ ಮೈದಾನ, ಕ್ರಿಕೆಟ್ ಮೈದಾನದಲ್ಲಿ ಬರ್ಮುಡಾ ಗ್ರಾಸ್ ಅಂತ ಹಾಕ್ತರಲ್ಲ, ಅದು ನಮ್ಮ ಗರಿಕೆ ಜಾತಿನೇ. ಇಂಗ್ಲಿಷ್ ಹೆಸರು ಇಟ್ರೆ ಲಾನು, ಕನ್ನಡದಲ್ಲಿ ಕರೆದ್ರೆ ಕಳೆ, ಇದ್ಯಾವ ನ್ಯಾಯ? ಬಿಸಿಲು ತಡೀತದೆ, ತುಳಿತ ತಡೀತದೆ, ನಾಲೆ ಬಯಲಲ್ಲಿ ನೀರು ಹೆಚ್ಚಾಗಿ ಚೌಳಾದ ಮಣ್ಣಲ್ಲೂ ಬದುಕ್ತದೆ.

ಹಾಕೋ ರೀತಿ ಬಲು ಸುಲಭ. ಜೂನ್‌-ಜುಲೈ ಮಳೆ ಹಿಡಿದ ಮೇಲೆ ನೆಲ ಒಂದು ಗೇಣು ಅಗೆದು, ಕಲ್ಲು ಆರಿಸಿ, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಜರಡಿ ಹಿಡಿದು ಬೆರೆಸಿ. ಹಸಿ ಗೊಬ್ಬರ ಬ್ಯಾಡ, ಗೊಣ್ಣೆ ಹುಳ ಬತ್ತದೆ, ಕಳೆ ಬೀಜವೂ ಬತ್ತದೆ. ನೀರು ನಿಲ್ಲದಂಗೆ ಮನೆ ಕಡೆಯಿಂದ ಆಚೆಗೆ ವಸಿ ಇಳಿಜಾರು ಮಾಡಿ. ಗದ್ದೆ ಬದುವಿಂದ ಗರಿಕೆ ಬಳ್ಳಿ ಕಿತ್ತು ತಂದು ಮೂರು ನಾಲ್ಕು ಗೆಣ್ಣು ಇರೋ ತುಂಡು ಮಾಡಿ ನಾಲ್ಕು ನಾಲ್ಕು ಬೆರಳು ದೂರಕ್ಕೆ ನೆಡಿ. ಇನ್ನೊಂದು ರೀತಿ ಅದೆ, ಅದು ನಂಗಿಷ್ಟ. ಗರಿಕೆ ಸಣ್ಣಗೆ ಕತ್ತರಿಸಿ, ಕೆಮ್ಮಣ್ಣು, ಸಗಣಿ, ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಒದ್ದೆ ನೆಲದ ಮೇಲೆ ತೆಳ್ಳಗೆ ಬಳಿಯೋದು. ಅಂಗಳ ಸಾರಿಸಿದೋರಿಗೆ ಹೇಳಿಕೊಡಬೇಕಾ? ಮಳೆ ಬರದಿದ್ರೆ ಎರಡು ಮೂರು ವಾರ ದಿನಾ ವಸಿ ನೀರು ಚಿಮುಕಿಸಿ. ಎರಡು ಮೂರು ತಿಂಗಳಿಗೆ ಹಬ್ಬಿಕೊಳ್ತದೆ.

ಬೇರು ಹಿಡಿದ ಮೇಲೆ ದಿನಾ ನೀರು ಹಾಕೋದೇ ಅದಕ್ಕೆ ಕೆಡುಕು. ದಿನಾ ಮೇಲುಮೇಲೆ ಒದ್ದೆ ಮಾಡಿದ್ರೆ ಬೇರು ಮೇಲೇ ಇರ್ತದೆ, ಒಂದು ದಿನ ತಪ್ಪಿದ್ರೆ ಬಾಡ್ತದೆ. ವಾರಕ್ಕೆ ಒಂದು ಸಲ ನೆಲ ನಾಲ್ಕೈದು ಬೆರಳು ನೆನೆಯಂಗೆ ಹಾಕಿ, ಬೇರು ನೀರು ಹುಡುಕ್ಕೊಂಡು ಕೆಳಗಿಳೀತದೆ. ಬೆಳಗಿನ ಜಾವ ಹಾಕಿ. ರಾತ್ರಿಯೆಲ್ಲ ಎಲೆ ಒದ್ದೆ ಇದ್ರೆ ಬೂಷ್ಟು ಹಿಡೀತದೆ. ಅಕ್ಕಿ ತೊಳೆದ ನೀರು, ಬಟ್ಟೆ ಕೊನೇಲಿ ಜಾಲಿಸಿದ ನೀರು ಸಾಕು. ಸೋಪಿನ ಪುಡಿ ಕದಡಿದ ಮೊದಲನೇ ನೀರು ಬ್ಯಾಡ.

ಕುಯ್ಯುವಾಗ ಬೋಳಿಸಬೇಡಿ. ಎಲೆಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಂದೇ ಸಲ ತೆಗೀಬಾರದು. ಒಂದೂವರೆ ಎರಡು ಇಂಚು ಬುಟ್ರೆ ನೆಲಕ್ಕೆ ನೆರಳಾಯ್ತದೆ, ತೇವ ನಿಲ್ತದೆ. ಕುಡ್ಲಾಗಲಿ ಮಿಷನ್ನಾಗಲಿ ಹರಿತ ಇರಲಿ. ಮೊಂಡಾದ್ರೆ ತುದಿ ಜಗಿದಂಗಾಗಿ ಬೆಳ್ಳಗೆ ಒಣಗ್ತದೆ. ಗೊಬ್ಬರ ವರ್ಷಕ್ಕೊಂದು ಸಲ, ಮಳೆ ಶುರುವಾದಾಗ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಎರಚಿ. ಒಣ ನೆಲಕ್ಕೆ ಯೂರಿಯಾ ಎರಚಿ ಸುಟ್ಟುಕೊಂಡೋರನ್ನ ನಾನೇ ನೋಡಿವ್ನಿ.

ಕಳೆಗೆ ಔಷಧಿ ಬ್ಯಾಡ. ಗ್ಲೈಫೋಸೇಟ್ ಅನ್ನೋ ಕಳೆನಾಶಕವನ್ನ ಪೆಸ್ಟ್ ಕಂಟ್ರೋಲ್‌ನೋರು ಬುಟ್ಟು ಬೇರೆ ಯಾರೂ ಹೊಡೀಬಾರದು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರಲ್ಲೇ ಅಧಿಸೂಚನೆ ಹೊರಡಿಸಿತ್ತು. ಮಳೆ ಬಂದ ಮಾರನೇ ದಿನ ನೆಲ ಮೆತ್ತಗಿರ್ತದೆ, ಒಂದು ಮಣೆ ಹಾಕೊಂಡು ಕುಂತು ಕೀಳಿ. ಜೇಕನ್ನ ಮಾತ್ರ ಗೆಡ್ಡೆ ಸಮೇತ ತೆಗೀಬೇಕು, ಎಲೆ ಕಿತ್ರೆ ಮತ್ತೆ ಬತ್ತದೆ. ಪಾರ್ಥೇನಿಯಂ ಹೂ ಬಿಡೋ ಮುಂಚೆ ಕಿತ್ತುಬುಡಿ. ಮಧ್ಯೆ ಹೊನಗೊನ್ನೆ, ಗಣಕೆ ಸೊಪ್ಪು ಕಂಡ್ರೆ ಅದು ಕಳೆ ಅಲ್ಲ, ಅವತ್ತಿನ ಬೆರಕೆ ಸೊಪ್ಪಿನ ಸಾರು. ಔಷಧಿ ಬೀಳದ ನೆಲ ಆದ್ರೆ ಮಾತ್ರ.

ಗರಿಕೆಗೂ ಹುಳುಕು ಅವೆ, ಮುಚ್ಚಿಡಲ್ಲ. ನೆರಳಲ್ಲಿ ಬರಲ್ಲ. ಅರ್ಧ ದಿನವಾದ್ರೂ ಬಿಸಿಲು ಬೀಳದ ಕಡೆ, ಮಾವಿನ ಮರದ ಕೆಳಗೆ, ಹಾಕಿ ಅಳಬೇಡಿ. ಅಲ್ಲಿ ದೊಡ್ಡಪತ್ರೆ ಹಬ್ಬಿಸಿ, ಇಲ್ಲ ಸಾರಿಸಿ ರಂಗೋಲಿ ಬುಡಿ. ಬುಟ್ರೆ ಸೊಪ್ಪಿನ ಮಡಿಗೂ ನುಗ್ತದೆ, ಅದಕ್ಕೆ ಅಂಚಿಗೆ ಇಟ್ಟಿಗೆ ಹೂಳಬೇಕು. ಬೇಸಿಗೇಲಿ ಕಂದು ತಿರುಗ್ತದೆ. ಈ ಕೊನೇದಕ್ಕೇ ಜನ ಹೆದರೋದು.

ಅದನ್ನೇ ನಾನು ಬುಡಿಸಿ ಹೇಳಬೇಕು ಅನ್ಕೊಂಡಿದ್ದು. ಲಾನ್ ಹುಟ್ಟಿದ ಸೀಮೇಲಿ ವರ್ಷವಿಡೀ ಸೋನೆ ಹನೀತದೆ. ನಮಗೆ ಬೀಳೋದು ವರ್ಷಕ್ಕೆ 700 ಮಿಲಿಮೀಟರ್ ಆಜುಬಾಜು, ಅದೂ ಸೆಪ್ಟೆಂಬರ್‌-ಅಕ್ಟೋಬರಲ್ಲೇ ಹೆಚ್ಚು. ಫೆಬ್ರವರಿಯಿಂದ ಮೇವರೆಗೆ ಹೊಲ, ಬೆಟ್ಟ, ಕೆರೆ ಅಂಗಳ ಎಲ್ಲ ಕಂದಾಗಿರ್ತವೆ. ಮೇಲುಕೋಟೆ ಬೆಟ್ಟಕ್ಕೆ ಯಾರಾದ್ರೂ ಪೈಪು ಹಿಡಿದು ಹಸಿರು ಮಾಡ್ತರಾ? ಹಂಗಿದ್ರೆ ನಮ್ಮ ಮನೆ ಮುಂದಿನ 600 ಅಡಿ ಮಾತ್ರ ಹಸಿರಾಗಿರಬೇಕು ಅನ್ನೋದು ಯಾವ ಜಂಬ? ಕಂದು ತಿರುಗಿದ ಗರಿಕೆ ಸತ್ತಿಲ್ಲ, ಮಲಗದೆ. ಹದಿನೈದು ದಿನಕ್ಕೊಂದು ಸಲ ವಸಿ ನೀರು ತೋರಿಸಿದ್ರೂ ಸಾಕು, ಮೊದಲನೇ ಮಳೆಗೆ ತಾನೇ ಏಳ್ತದೆ. ಕಂದು ಅಂಗಳ ನೋಡಿ ನಾಚ್ಕೊಳ್ಳೋದು ಬುಟ್ರೆ ಅರ್ಧ ನೀರು ಉಳೀತು.

ಅಂಗಂತ ಸಿಮೆಂಟ್ ಬಳೀರಿ, ಇಂಟರ್‌ಲಾಕ್ ಹಾಸ್ರಿ ಅಂತಿಲ್ಲ. ಕೆ.ಆರ್.ಪೇಟೇಲಿ ಮಗಳ ಮನೆ ಎದುರಿನೋರು ಪೂರಾ ಇಂಟರ್‌ಲಾಕ್ ಹಾಕ್ಸವ್ರೆ. ಮಧ್ಯಾನ ಕಾಲಿಡಕ್ಕಾಗಲ್ಲ, ಬಿದ್ದ ಮಳೆ ಒಂದು ಹನಿ ಮಣ್ಣಿಗೆ ಇಳಿಯಲ್ಲ, ಸೀದಾ ಚರಂಡಿಗೆ. ಹುಲ್ಲು ಇದ್ರೆ ನೆಲ ತಣ್ಣಗಿರ್ತದೆ, ಧೂಳು ಏಳಲ್ಲ, ನೀರು ಒಳಗಿಳೀತದೆ, ಮಕ್ಕಳು ಬಿದ್ರೂ ಮೊಣಕಾಲು ಕೆತ್ತಲ್ಲ. ಹುಲ್ಲು ಬೇಕು. ತೊಳೆದ ನೀರಲ್ಲಿ ಸಾಕಕ್ಕಾಗೋ ಅಷ್ಟು ಅಗಲ ಬೇಕು. ಅದಕ್ಕಿಂತ ಹೆಚ್ಚಾದ ಜಾಗಕ್ಕೆ ನಾಲ್ಕು ಬದನೆ, ಒಂದು ನುಗ್ಗೆ, ಒಂದು ಕರಿಬೇವು ಹಾಕೊಳ್ಳಿ.

ಈಗ ಮಗನ ಮನೆ ಮುಂದೆ ಅರ್ಧ ಜಾಗ ಗರಿಕೆ, ಅರ್ಧ ಸೊಪ್ಪಿನ ಮಡಿ. ಸ್ಪ್ರಿಂಕ್ಲರ್ ಅಟ್ಟದ ಮೇಲೆ ಧೂಳು ತಿನ್ತಾ ಕುಂತದೆ. ಎರಡು ವರ್ಷ ಬುಟ್ಟು, ಔಷಧಿ ಭಯ ಕಳೆದ ಮೇಲೆ, ನಾನೇ ಹಿಂದಿನ ಬೀದಿಗೆ ಹೋಗಿ ಆ ಹೆಣ್ಮಗಳನ್ನ ಕರೆದೆ. ಮಳೆಗಾಲದಲ್ಲಿ ವಾರಕ್ಕೊಂದು ದಿನ ಕುಡ್ಲು ತಗಂಡು ಬತ್ತಾಳೆ, ಮಿಷನ್ನಿಗಿಂತ ಸಮವಾಗಿ ಕುಯ್ದು ಒಂದು ಹೊರೆ ಹುಲ್ಲು ಹಸೀಗೆ ಹೊತ್ಕೊಂಡು ಹೋಗ್ತಾಳೆ. ಗೊಬ್ಬರ ಬೇಕಾದಾಗ ನಾವು ಅವಳ ಕೊಟ್ಟಿಗೆಯಿಂದ ತತ್ತೀವಿ. ಸೊಸೆನೇ ಅವಳಿಗೆ ಕಾಫಿ ಕೊಡ್ತಾಳೆ. ಅವತ್ತಿನ ಮಾತು ಇಬ್ಬರೂ ಎತ್ತಲ್ಲ.

ನಿಮ್ಮ ಮನೆ ಮುಂದೆ ಹುಲ್ಲು ಹಾಕಿಸೋ ಮುಂಚೆ ಒಂದು ಕೆಲಸ ಮಾಡಿ. ಬೇಸಿಗೇಲಿ ಒಂದು ಬೆಳಗ್ಗೆ ಗೇಟು ತೆಗೆದು ಬೀದೀಲಿ ಯಾರ ಕೈಲಿ ಖಾಲಿ ಕೊಡ ಅದೆ ನೋಡಿ. ಆಮೇಲೆ ಎಷ್ಟು ಅಡಿ ಬೇಕು ಅಂತ ಲಾನ್‌ನೋನಿಗೆ ಹೇಳಿ.